ಆಲ್ಬಿನ್‌ನ ನಲವತ್ನಾಲ್ಕು ನಂಬರ್ ಬೂಟು

ಕಬ್ಬಿಣದ ಬೀರು ಬಾಗಿಲು ತೆರೆದುಕೊಂಡು ನಿಂತಿತ್ತು. ಒಳಗೆ ಬಂದೂಕು ಇರಲಿಲ್ಲ.

ಕೈಯಲ್ಲಿದ್ದ ಎಲೆಕೋಸಿನ ಚೀಲ ಧೊಪ್ಪನೆ ಕೆಳಗೆ ಬಿತ್ತು. ಶನಿವಾರ ಮಧ್ಯಾಹ್ನ ಮೂರೂವರೆ. ಸಂತೆಯಿಂದ ಆಗಷ್ಟೇ ಬಂದಿದ್ದೆ. ಮಾರನೆಯ ದಿನ ನಮ್ಮ ಬೇಟೆ ಸಂಘದ ಸಭೆ, ಇಪ್ಪತ್ತೆರಡು ಹೊಟ್ಟೆಗೆ ಕಾಡುಹಂದಿಯ ಸಾರು ಆಗಬೇಕಿತ್ತು. ಸಾರು ಮರೆತೇಹೋಯಿತು.

ನಾನು ರೊಜಾಲಿಯಾ. ಕೊಚೆವ್ಯೆ ಕಾಡಿನ ಈ ಬೇಟೆಮನೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಅಡಿಗೆ ನನ್ನದು, ಗುಡಿಸುವುದು ನನ್ನದು, ಬೈಯುವುದೂ ನನ್ನದೇ. ಬೂಟುಗಾಲಲ್ಲಿ ನನ್ನ ನೆಲ ತುಳಿದ ಗಂಡಸಿಗೆ ನಾನು ಇವತ್ತಿನವರೆಗೆ ಊಟ ಬಡಿಸಿಲ್ಲ. ಬೂಟು ಬಾಗಿಲಲ್ಲೇ ಕಳಚಬೇಕು, ಉಣ್ಣೆಯ ಮನೆಚಪ್ಪಲಿ ಮೆಟ್ಟಿಕೊಂಡು ಒಳಗೆ ಬರಬೇಕು. ಸಂಘದವರಿಗೆ ಹೆಸರು ಹೊಲಿದ ಜೊತೆಗಳಿವೆ, ಅತಿಥಿಗಳಿಗೆ ಬುಟ್ಟಿಯಲ್ಲಿವೆ. ಪಾದ್ರಿ ಬಂದರೂ ಇದೇ ಕಾನೂನು.

ಬಾಗಿಲ ಬೀಗದ ಕೈ ಚೌಕಟ್ಟಿನ ಮೇಲಿರುತ್ತದೆ, ಬೀರುವಿನದು ಗಡಿಯಾರದ ಹಿಂದೆ. ಸಂಘದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹೊರಗೆ ಓಡಿ ನೋಡಿದೆ. ಹಿಮ ಬೀಳುವುದು ಹನ್ನೆರಡಕ್ಕೇ ನಿಂತಿತ್ತು. ಅದರ ಮೇಲೆ ಕಾಡಿನ ಕಡೆಯಿಂದ ಒಂದು ಸಾಲು ಹೆಜ್ಜೆ ಬಂದಿತ್ತು, ಒಂದು ಸಾಲು ವಾಪಸ್ಸು ಹೋಗಿತ್ತು. ದೊಡ್ಡ ಬೂಟು. ಹಿಮ್ಮಡಿಯಲ್ಲಿ ಮೂರು ಮೊಳೆಯ ಗುರುತು.

ಅಯ್ಯೋ ದೇವರೇ! ಆ ಬೂಟು ಯಾರದೆಂದು ನನಗೆ ಗೊತ್ತಿತ್ತು.

*

"ಯಾರ ಬೂಟು ಇದು, ರೊಜಾಲಿಯಾಕ್ಕ?" ಇನ್‌ಸ್ಪೆಕ್ಟರ್ ಬ್ರಿಗಿತಾ ಹಿಮದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ನಂಗೇನು ಗೊತ್ತು?"

"ನಿಮ್ಗೂ ಗೊತ್ತು, ನಂಗೂ ಗೊತ್ತು. ಹಿಮ್ಮಡಿಗೆ ಮೂರು ಮೊಳೆ ಹೊಡಿಯೋರು ನಮ್ಮಪ್ಪ ಒಬ್ರೇ. ಇಷ್ಟು ದೊಡ್ಡದಕ್ಕೆ ಹೊಡೆದಿದ್ದು ಒಂದೇ ಜೊತೆಗೆ."

ಬ್ರಿಗಿತಾ ಬೂಟು ಹೊಲಿಯುವ ಲುದ್ವಿಕ್ ತಾತನ ಮಗಳು. ಅವಳಿಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ. "ಆಲ್ಬಿನ್‌ದು," ಅಂದೆ.

ಆಲ್ಬಿನ್ ನಮ್ಮ ಸಂಘದ ಕಾಡುಗಾವಲಿನವನು. ಜಿಂಕೆಗೆ ಮೇವು ಹಾಕುವವನು, ಕರಡಿಯ ಜಾಡು ಹಿಡಿಯುವವನು. ಕೆಲಸ ಸಂಘದ್ದು, ಇರುವ ಮನೆಯೂ ಸಂಘದ್ದೇ. ನಾಳೆಯ ಸಭೆಯಲ್ಲಿ ಕೈಯೆತ್ತಿ ಅವನನ್ನು ಇನ್ನೂ ಐದು ವರ್ಷಕ್ಕೆ ನೇಮಿಸಬೇಕಿತ್ತು. ಬಂದೂಕು ಕದ್ದ ಹೆಸರು ಬಂದರೆ ಪರವಾನಗಿ ಹೋಯಿತು, ಕೆಲಸ ಹೋಯಿತು, ಅರವತ್ತನೆಯ ವಯಸ್ಸಿನಲ್ಲಿ ತಲೆ ಮೇಲಿನ ಸೂರೂ ಹೋಯಿತು.

ಪೊಲೀಸ್ ಜೀಪಿನಲ್ಲಿ ನಾನೂ ಹತ್ತಿ ಕೂತೆ. ಬೇಡ ಅಂದರು. ಕೇಳಲಿಲ್ಲ.

ಹೆಜ್ಜೆ ಐದು ಕಿಲೋಮೀಟರ್ ಇಳಿದು ನೆಟ್ಟಗೆ ಆಲ್ಬಿನ್ ಮನೆಗೇ ಹೋಗಿತ್ತು. ಜಗಲಿಯ ಮೇಲೆ ಬೂಟು ಜೋಡಿ, ಒದ್ದೆ ಒದ್ದೆ. ಸೌದೆಕೊಟ್ಟಿಗೆಯಲ್ಲಿ ಬೀಚ್ ಮರದ ತುಂಡುಗಳ ಅಡಿಯಲ್ಲಿ ಬಂದೂಕು. ಆಲ್ಬಿನ್ ಮಾತ್ರ ಹಾಸಿಗೆಯಲ್ಲಿದ್ದ. ನೆಗಡಿ ಬಂದು ಮೂಗು ಕೆಂಪಾಗಿತ್ತು.

"ಊಟ ಮಾಡಿ ಮಲಗಿದವ್ನು ಈಗ ಎದ್ದೆ, ತಾಯಿ."

"ನೀವು ಮಲಗಿದ್ದು ಯಾರಾದ್ರೂ ನೋಡಿದ್ರಾ?"

"ಬೆಕ್ಕು ನೋಡಿದೆ."

ನಗುವ ಹೊತ್ತಲ್ಲ. ಆದರೂ ನನಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಹಿಂಕೋ ಸಾರಿನ ಪಾತ್ರೆ ಹಿಡಿದು ಬಂದ. ಹದಿನೆಂಟು ವರ್ಷದಿಂದ ಆಲ್ಬಿನ್‌ನ ಕೈಕೆಳಗೆ ಕೆಲಸ ಮಾಡುವವನು, ಅವನ ಜೀವದ ಗೆಳೆಯ. ಹೊಸ್ತಿಲಾಚೆಯೇ ನಿಂತು, "ನಮ್ ಆಲ್ಬಿನ್ ಕದೀತಾನಾ? ಸಾಧ್ಯನೇ ಇಲ್ಲ!" ಅಂದ. ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಹೊರಟೇಹೋದ. ಪಾಪ, ನೋಡಲಾರದೆ ಹೋದ ಅಂದುಕೊಂಡೆ.

ಬ್ರಿಗಿತಾಗೆ ಮೇಲಿನವರಿಂದ ಫೋನು ಬಂತು. ನಾಳೆ ಸಂಜೆಯೊಳಗೆ ಬಂಧಿಸಿ ಎಂದರು. ಅವಳು ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡಳು, ಬಾಗಿಲಿಗೆ ಒಬ್ಬ ಪೇದೆಯನ್ನು ನಿಲ್ಲಿಸಿದಳು.

*

ಭಾನುವಾರ ಬೆಳಿಗ್ಗೆ ಎಂಟಕ್ಕೇ ಅವಳು ಬೇಟೆಮನೆಗೆ ಬಂದಳು, ಜೊತೆಯಲ್ಲಿ ಅಪ್ಪ. ಲುದ್ವಿಕ್ ತಾತನಿಗೆ ಎಂಬತ್ತು. ಹಿಮದ ಹೆಜ್ಜೆಗಳ ಮುಂದೆ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ ನೋಡಿದ.

"ಬೂಟು ನಂದೇ. ನಡೆದವ್ನು ಆಲ್ಬಿನ್ ಅಲ್ಲ."

"ಹೇಗೆ ಹೇಳ್ತೀರಿ ತಾತ?"

"ಮುಂದ್ಗಡೆ ನೋಡಮ್ಮ, ಗುರುತು ಆಳಕ್ಕೆ ಇಳಿದಿಲ್ಲ. ಬೆರಳು ಅಲ್ಲಿ ತನಕ ತಲುಪೇ ಇಲ್ಲ. ಬೂಟಿನ ಮೂತಿ ಖಾಲಿ. ಇದು ಸಣ್ಣ ಪಾದದವನ ಹೆಜ್ಜೆ."

ತಾತ ಚೀಲದಿಂದ ಬೂಟು ತೆಗೆದು, ಒಳಗೆ ಕೈಯಾಡಿಸಿ, ಎಡಗಾಲಿನದನ್ನು ಬೆಳಕಿಗೆ ಹಿಡಿದ. ಹಿಮ್ಮಡಿಯ ಒಳಚರ್ಮದ ಮೇಲೆ ಕಂದು ಕಲೆ.

"ರಕ್ತ," ಅಂದಳು ಬ್ರಿಗಿತಾ. "ಆಲ್ಬಿನ್ ಕಾಲು ನಿನ್ನೇನೇ ನೋಡಿದೀನಿ. ಒಂದು ಗೀರೂ ಇಲ್ಲ."

"ಅವನಿಗೆ ಯಾಕೆ ಗೀರಾಗುತ್ತೆ? ಎರಡು ಜೊತೆ ಉಣ್ಣೆ ಕಾಲುಚೀಲದ ಮೇಲೆ ಅಳತೆ ತಗೊಂಡು ಹೊಲಿದಿದೀನಿ. ಹನ್ನೊಂದು ವರ್ಷ ಆಯ್ತು, ಎರಡು ಸಲ ಅಟ್ಟೆ ಬದಲಾಯ್ಸಿದ್ದು ಬಿಟ್ರೆ ಒಂದು ಹೊಲಿಗೆ ಬಿಟ್ಟಿಲ್ಲ." ತಾತನಿಗೆ ಈಗ ಉತ್ಸಾಹ ಬಂದಿತ್ತು. "ಜನ ದೊಡ್ಡ ಬೂಟು ಅಂದ್ರೆ ಸುಖ ಅನ್ಕೋತಾರೆ. ಸುಳ್ಳು! ಬೇಟೆ ಬೂಟು ಹಿಮ್ಮಡೀನ ಕಚ್ಚಿ ಹಿಡೀಬೇಕು, ಬೆರಳನ್ನ ಆಡೋಕೆ ಬಿಡಬೇಕು. ಹಿಮ್ಮಡಿ ಸಡಿಲ ಇದ್ರೆ ಏರು ಹತ್ತೋವಾಗ ಹೆಜ್ಜೆಹೆಜ್ಜೆಗೂ ಎದ್ದು ಉಜ್ಜುತ್ತೆ. ಎರಡು ಕಿಲೋಮೀಟರಿಗೆ ಗುಳ್ಳೆ. ಐದಕ್ಕೆ ಗುಳ್ಳೆ ಒಡೆದು ರಕ್ತ."

ಬ್ರಿಗಿತಾ ಸರಕ್ಕನೆ ನನ್ನ ಕಡೆ ತಿರುಗಿದಳು. "ಅಕ್ಕ, ನಿನ್ನೆ ನೀವು ನೆಲ ಒರೆಸಿದ್ರಾ?"

"ಎಲ್ಲಿಯ ಒರೆಸೋದು! ಬೀರು ನೋಡಿದ್ದೇ ನಿಮ್ಗೆ ಫೋನ್ ಮಾಡ್ದೆ."

"ಮತ್ತೆ ಒಳಗೆ ಬೂಟಿನ ಹಿಮ ಕರಗಿದ ಒಂದು ಹನಿ ನೀರೂ ಇರ್ಲಿಲ್ಲ. ಕಳ್ಳ ಹಾರಿಕೊಂಡು ಬಂದ್ನಾ?"

ಒಂದು ಕ್ಷಣ ಅವಳು ನನ್ನನ್ನು ನೋಡಿದಳು, ನಾನು ಅವಳನ್ನು. ಇಬ್ಬರೂ ಒಟ್ಟಿಗೆ ಮನೆಚಪ್ಪಲಿಯ ಬುಟ್ಟಿಗೆ ಹಾರಿದೆವು. ಬಂದೂಕು ಕದಿಯಲು ಬಂದ ಕಳ್ಳ ಬಾಗಿಲಲ್ಲಿ ಬೂಟು ಕಳಚಿ, ಮನೆಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಿದ್ದ! ಅಮ್ಮನಿಂದ ಬೈಸಿಕೊಂಡು, ಹೆಂಡತಿಯಿಂದ ಬೈಸಿಕೊಂಡು, ಆಮೇಲೆ ನನ್ನಿಂದ ಬೈಸಿಕೊಂಡು ಬೆಳೆದ ಕಾಲು. ತಲೆ ಏನನ್ನೇ ಯೋಚಿಸುತ್ತಿರಲಿ, ಹೊಸ್ತಿಲು ಕಂಡರೆ ಆ ಕಾಲು ತಾನಾಗಿ ನಿಲ್ಲುತ್ತದೆ.

ನಾಲ್ಕನೆಯ ಜೊತೆಯ ಎಡಗಾಲು, ಹಿಮ್ಮಡಿಯ ಜಾಗ. ಕಾಸಿನಗಲದ ಕಂದು ಕಲೆ.

"ಶುಕ್ರವಾರ ಎಲ್ಲಾನೂ ಒಗೆದಿಟ್ಟಿದ್ದೆ," ಅಂದೆ. "ನಿನ್ನೆ ಯಾವ ಅತಿಥೀನೂ ಬಂದಿಲ್ಲ."

*

ಹತ್ತೂವರೆಗೆ ಜನ ಬರತೊಡಗಿದರು. ನಾನು ಬಾಗಿಲಲ್ಲಿ ನಿಂತು ಕಾಲುಗಳನ್ನೇ ನೋಡಿದೆ. ರಾಜಧಾನಿ ಲ್ಯುಬ್ಲಿಯಾನಾದಿಂದ ಬಂದ ಹಲ್ಲಿನ ಡಾಕ್ಟರು ಮಿಲ್ಕೋ ಕಾರಿನಿಂದ ಇಳಿದ. ಕಾಲಲ್ಲಿ ಫಳಫಳ ಹೊಳೆಯುವ ಹೊಸ ಬೂಟು. ಕುಂಟುತ್ತಿದ್ದ!

"ಬ್ರಿಗಿತಾ! ಸಿಕ್ಕಿಬಿದ್ದ!" ಎಂದು ಕೂಗಿಯೇಬಿಟ್ಟೆ. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಅವನನ್ನು ಬೆಂಚಿನ ಮೇಲೆ ಕೂರಿಸಿ ಕಾಲುಚೀಲ ಬಿಚ್ಚಿಸಿದೆವು. ಹೆಬ್ಬೆರಳ ಉಗುರುಗಳು ಎರಡೂ ಕಪ್ಪಾಗಿದ್ದವು. ಹಿಮ್ಮಡಿ ಮಾತ್ರ ಮಗುವಿನ ಕೆನ್ನೆಯಷ್ಟು ನುಣುಪು.

ಲುದ್ವಿಕ್ ತಾತ ತುಟಿ ಲೊಚಗುಟ್ಟಿದ. "ಬೆಳಿಗ್ಗೆ ಹೋಗಿ ಕೊಂಡ್ರಿ, ಅಲ್ವಾ ಡಾಕ್ಟ್ರೇ? ತೆಳು ಕಾಲುಚೀಲ ಹಾಕ್ಕೊಂಡು?"

"ನಿಮ್ಗೆ ಹೇಗೆ ಗೊತ್ತು?"

"ಪಾದ ಸಂಜೆ ಹೊತ್ತಿಗೆ ಊದುತ್ತೆ. ಬೂಟು ಕೊಳ್ಳೋದು ಸಂಜೆ, ದಪ್ಪ ಕಾಲುಚೀಲ ಹಾಕ್ಕೊಂಡು. ನಿಮ್ದು ಚಿಕ್ಕದಾಯ್ತು, ಇಳಿಜಾರಲ್ಲಿ ಬೆರಳು ಗುದ್ದುತ್ತೆ." ಮಗಳ ಕಡೆ ತಿರುಗಿದ. "ಇವ್ರಲ್ಲ ಕಣಮ್ಮ. ಚಿಕ್ಕ ಬೂಟು ಬೆರಳು ತಿನ್ನುತ್ತೆ, ದೊಡ್ಡ ಬೂಟು ಹಿಮ್ಮಡಿ ತಿನ್ನುತ್ತೆ. ನಮ್ಗೆ ಬೇಕಾದವ್ನು ಹಿಮ್ಮಡಿಯವ್ನು."

ಡಾಕ್ಟರಿಗೆ ನಾನು ಒಂದು ಬಟ್ಟಲು ಸಾರು ಹೆಚ್ಚಿಗೆ ಹಾಕಿದೆ. ತಪ್ಪಾಯಿತು ಅನ್ನುವ ಅಭ್ಯಾಸ ನನಗಿಲ್ಲ.

*

ಹನ್ನೊಂದಕ್ಕೆ ಎಲ್ಲರೂ ಸೇರಿದರು. ಆಲ್ಬಿನ್ ಮೂಲೆಯಲ್ಲಿ ಪೇದೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ನನಗೆ ಅವರನ್ನೆಲ್ಲ ಸೌಟಿನಿಂದ ಬಾರಿಸಬೇಕು ಅನಿಸಿತು.

ಬ್ರಿಗಿತಾ ಎದ್ದಳು. "ಸಭೆಗೆ ಮುಂಚೆ ಒಂದು ಸಿಹಿಸುದ್ದಿ. ನಮ್ಮಪ್ಪ ನಿಮ್ಗೆಲ್ಲ ಒಂದೊಂದು ಜೊತೆ ಬೇಟೆ ಬೂಟು ಹೊಲಿದು ಕೊಡ್ತಾರೆ, ಪುಕ್ಕಟೆ. ಕಾಲುಚೀಲ ಬಿಚ್ಚಿ ಕಾಗದದ ಮೇಲೆ ನಿಂತ್ಕೊಳ್ಳಿ, ಅಳತೆ ತಗೋತಾರೆ."

ಲುದ್ವಿಕ್ ಬೂಟು, ಅದೂ ಪುಕ್ಕಟೆ! ಮನೆ ಗಲಗಲ ಎಂದಿತು. ಸಾಲಿಗಾಗಿ ನೂಕಾಡಿದರು. ತಾತ ನೆಲದ ಮೇಲೆ ಕೂತು ಪೆನ್ಸಿಲಿನಿಂದ ಪಾದದ ಸುತ್ತ ಗೀಟೆಳೆಯುತ್ತ, "ನನ್ನ ಹೆಣ ಬೀಳಿಸ್ತಾಳೆ ಇವ್ಳು," ಎಂದು ಗೊಣಗುತ್ತಿದ್ದ. ಹತ್ತು ಜನ. ಹದಿನೈದು. ಎಲ್ಲ ಹಿಮ್ಮಡಿಯೂ ಗಟ್ಟಿ.

ಒಬ್ಬನು ಮಾತ್ರ ಏಳಲಿಲ್ಲ.

"ಬಾರೋ ಹಿಂಕೋ!" ಯಾರೋ ಕೂಗಿದರು. "ಬಿಟ್ಟಿ ಸಿಕ್ರೆ ಮೊಳೆನೂ ಬಿಡದವ್ನು ನೀನು!"

"ನಂಗೆ ಬೇಡ. ನನ್ನ ಬೂಟು ಚೆನ್ನಾಗೇ ಇದೆ."

ನಗು ಎದ್ದಿತು. ಹಿಂಕೋ ಎಡಗಾಲನ್ನು ಬೆಂಚಿನಡಿಗೆ ಎಳೆದುಕೊಂಡ. ಅದನ್ನು ನಾನು ಕಂಡೆ. ಬ್ರಿಗಿತಾನೂ ಕಂಡಳು.

"ನಿಮ್ದು ಎಷ್ಟು ನಂಬರ್, ಹಿಂಕೋ?"

"ನಲವತ್ತೊಂದು."

"ಎಡಗಾಲಿನ ಕಾಲುಚೀಲ ಬಿಚ್ಚಿ."

"ಯಾಕೆ? ಗುಳ್ಳೆ ಬಂದ್ರೆ ಅಪರಾಧನಾ?"

ಬ್ರಿಗಿತಾ ಮೆಲ್ಲಗೆ ಅಂದಳು: "ಗುಳ್ಳೆ ವಿಷಯ ನಾನಿನ್ನೂ ಎತ್ತೇ ಇಲ್ಲ."

ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು. "ಹಿಮ ಕರಗಿಸೋಕೆ ಉಪ್ಪುಮರಳು ಹಾಕಿದ ರಸ್ತೇಲಿ ನಿಮ್ಮನೆಯಿಂದ ಆಲ್ಬಿನ್ ಜಗಲಿಗೆ ಹೋದ್ರಿ. ಅಲ್ಲಿ ಹೆಜ್ಜೆ ಮೂಡಲ್ಲ. ಅವ್ರು ನಿದ್ದೇಲಿದ್ರು. ನಿಮ್ಮ ಬೂಟು ಅಲ್ಲಿಟ್ಟು, ಅವರದು ಹಾಕ್ಕೊಂಡು ಬೇಕಂತ್ಲೇ ಹಿಮದ ದಾರಿ ಹಿಡಿದ್ರಿ. ಮೂರು ನಂಬರ್ ದೊಡ್ಡ ಬೂಟು, ಒಂದೇ ಜೊತೆ ಕಾಲುಚೀಲ. ಇಲ್ಲಿ ಬಾಗಿಲಿಗೆ ಬಂದಾಗ ಬೂಟು ಕಳಚಿದ್ರಿ. ನಿಮ್ಮ ಹೆಸರಿನ ಚಪ್ಪಲಿ ಬೇಡ ಅಂತ ಬುಟ್ಟೀದು ಹಾಕ್ಕೊಂಡ್ರಿ, ಅದ್ರಲ್ಲಿ ನಿಮ್ಮ ರಕ್ತ ಇದೆ. ಆಲ್ಬಿನ್ ಬೂಟಲ್ಲೂ ಇದೆ. ಎರಡೂ ಪ್ರಯೋಗಾಲಯಕ್ಕೆ ಹೋಗುತ್ತೆ. ನಿನ್ನೆ ಸಾರು ತಂದಾಗ ಹೊಸ್ತಿಲು ದಾಟ್ಲಿಲ್ಲ, ಯಾಕೆ? ದಾಟಿದ್ರೆ ಬೂಟು ಕಳಚಬೇಕಿತ್ತು, ರಕ್ತ ಹತ್ತಿದ ಕಾಲುಚೀಲ ಕಾಣ್ತಿತ್ತು."

ಹಿಂಕೋ ಬಗ್ಗಿ ತಾನೇ ಕಾಲುಚೀಲ ಎಳೆದ. ಹಿಮ್ಮಡಿ ಹಸಿಹಸಿ ಸುಲಿದಿತ್ತು.

"ಅವನು ಹೋದ್ರೆ ಕೆಲಸ ನಂದಾಗ್ತಿತ್ತು," ಅಂದ. "ಇನ್ನೈದು ವರ್ಷಕ್ಕೆ ನಂಗೆ ಅರವತ್ತಾಗುತ್ತೆ. ಆಮೇಲೆ ಹೊಸದಾಗಿ ಯಾರು ಕೊಡ್ತಾರೆ?"

ಆಲ್ಬಿನ್ ಎದ್ದು ಅವನ ಎದುರಿಗೆ ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಅಂತಲೂ ಅಂದುಕೊಂಡೆ.

"ಕೇಳಿದ್ರೆ ಕೊಡ್ತಿದ್ನಲ್ಲೋ," ಅಂದ ಆಲ್ಬಿನ್.

"ಹದಿನೆಂಟು ವರ್ಷ ಕಾದೆ, ನಿಂಗೂ ಬೇಕೇನೋ ಅಂತ ನೀನೇ ಒಂದಿನ ಕೇಳ್ತೀಯ ಅಂತ."

ಇಬ್ಬರ ಕಣ್ಣಲ್ಲೂ ನೀರು. ನನಗೆ ಹಿಂಕೋನ ಮೇಲೆ ಸಿಟ್ಟು ಉಕ್ಕಿ ಬರುತ್ತಿತ್ತು, ಆದರೂ ಒಂದು ಬೈಗುಳ ಬಾಯಿಗೆ ಬರಲಿಲ್ಲ. ಬ್ರಿಗಿತಾ ಅವನನ್ನು ಜೀಪಿಗೆ ಕರೆದುಕೊಂಡು ಹೋದಳು. ಅವನು ಕುಂಟುವುದನ್ನು ಈಗ ಮುಚ್ಚಿಡಲಿಲ್ಲ.

ಸಭೆ ನಡೆಯಿತು. ಒಂದೂ ತಪ್ಪದೆ ಎಲ್ಲ ಕೈಗಳೂ ಮೇಲೆದ್ದವು. ಜನ ಬಂದು ಆಲ್ಬಿನ್‌ನ ಬೆನ್ನು ತಟ್ಟಿದರು. ಕೆಲಸ ಉಳಿಯಿತು, ಮನೆ ಉಳಿಯಿತು. ನಾನು ಬಿಸಿ ಸಾರು ತಂದು ಅವನ ಮುಂದಿಟ್ಟೆ. ಅವನು ಚಮಚ ಹಿಡಿದುಕೊಂಡು ಜೀಪು ಹೋದ ದಾರಿಯನ್ನೇ ನೋಡುತ್ತಿದ್ದ.

"ನಾಳೆ ಹಂದಿ ಜಾಡು ನೋಡೋಕೆ ಹೋಗ್ಬೇಕು, ರೊಜಾಲಿಯಾ," ಅಂದ. "ಯಾರ ಜೊತೆ ಹೋಗ್ಲಿ?"