ಶಾಲಿನ ಮೇಲಿನ ಕಂದು ಕಲೆ

ಸೆಂಟು ಕಾರ್ಖಾನೆಯ ಯಜಮಾನರು ಮಿಕ್ಸಿಂಗ್ ಕೋಣೆಯ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಕಲ್ಲಿನ ಮೇಜಿನ ಅಂಚಿನಲ್ಲಿ ರಕ್ತ. ಸುತ್ತ ಒಡೆದ ಗಾಜು. ಕೋಣೆ ಮಾತ್ರ ಏನೂ ಆಗಿಲ್ಲವೆಂಬಂತೆ ಘಮ್ಮೆನ್ನುತ್ತಿತ್ತು. ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ, ಹೊಗೆಸೊಪ್ಪು, ತಳದಲ್ಲಿ ಜೇನು. ಎಲೆ ಉದುರುವ ಕಾಲಕ್ಕೆಂದು ತಯಾರಾದ ಹೊಸ ಸೆಂಟು ಅದು. ಸಂಜೆ ನಾಲ್ಕಕ್ಕೆ ಬಿಡುಗಡೆಯಾಗಬೇಕಿತ್ತು.

ಬೆಳಗ್ಗೆ ಹತ್ತಕ್ಕೆ ಹೆಣವನ್ನು ಮೊದಲು ಕಂಡವಳು ಬಾಟ್ಲಿ ತುಂಬಿಸುವ ಹುಡುಗಿ. ಮೂಗು ಅಷ್ಟು ಚುರುಕು, ಅದಕ್ಕೇ ಇಡೀ ಕಾರ್ಖಾನೆ ಅವಳನ್ನು 'ಸೊಂಡಿಲು' ಎನ್ನುತ್ತಿತ್ತು. ದಿನಕ್ಕೆ ನಾಲ್ಕು ಜನರನ್ನಾದರೂ ಬಕ್ರಾ ಮಾಡದಿದ್ದರೆ ಅವಳಿಗೆ ಊಟ ಇಳಿಯುತ್ತಿರಲಿಲ್ಲ. ಇವತ್ತು ಅವಳ ಕೂಗನ್ನು ಮೊದಲು ಯಾರೂ ನಂಬಲಿಲ್ಲ.

*

ಹನ್ನೊಂದಕ್ಕೆ ಇನ್ಸ್‌ಪೆಕ್ಟರ್ ಬಂದರು. ಹನ್ನೆರಡಕ್ಕೆ ಕೇಸು ಮುಗಿಸಿದರು.

"ಇದು ಯಾರ ಶಾಲು?"

"ನಂದು ಸಾರ್," ಎಂದಳು ಸೊಂಡಿಲಿನ ಅಕ್ಕ. ಅವಳದು ಮಿಕ್ಸಿಂಗ್ ಕೆಲಸ.

"ಲಾಕರಲ್ಲಿ ಮುದುರಿ ತುರುಕಿದ್ಯಲ್ಲ, ಯಾಕೆ?"

"ನಾನಲ್ಲ ಸಾರ್. ಹೊರಗೆ ಮೊಳೆಗೆ ನೇತುಹಾಕಿದ್ದೆ."

ಶಾಲಿನ ತುಂಬ ಒದ್ದೆ ಕಂದು ಕಲೆ. ನೆಲದ ಮೇಲೆ ಚೆಲ್ಲಿದ ಸೆಂಟಿನದೇ ಬಣ್ಣ.

"ತಳ್ಳಾಟದಲ್ಲಿ ಬಾಟ್ಲಿ ಒಡೆದಿದೆ. ಕೊಂದವರ ಮೈಮೇಲೆ ಚೆಲ್ಲಿದೆ. ಪಕ್ಕದ ಕೋಣೇಲಿ ಒಬ್ಬಳೇ ಇದ್ದವಳು ನೀನು. ನಡಿ."

"ಸಾರ್, ಇನ್ನೂ ಇಂಟರ್‌ವಲ್ಲೇ ಬಂದಿಲ್ಲ. ಆಗ್ಲೇ ಕ್ಲೈಮ್ಯಾಕ್ಸಾ?" ಎಂದಳು ಸೊಂಡಿಲು. ಮಾತು ಜೋರಾಗಿತ್ತು. ಅಕ್ಕನ ಮುಂದೆ ಅಡ್ಡ ನಿಂತಳು. "ಜಾಹೀರಾತಿಗೆ ಬಂದಿರೋ ಫೋಟೋಗ್ರಾಫರ್ ಬೆಳಗ್ಗೆ ಯಜಮಾನರ ಹತ್ರ ಕಿತ್ತಾಡಿದ್ದ. ಅವನನ್ನ ಕೇಳಿ!"

"ಕೇಳಾಯ್ತು. ಹತ್ತು ಗಂಟೆವರೆಗೂ ಗೇಟಲ್ಲಿ ಲೈಟು ಇಳಿಸ್ತಿದ್ದ. ವಾಚ್‌ಮನ್ ನೋಡಿದಾನೆ."

"ಮತ್ತೆ ಮಾವ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾವ ಎಂದು ಎಲ್ಲರೂ ಕರೆಯುತ್ತಿದ್ದದ್ದು ಕಾರ್ಖಾನೆಯ ದೊಡ್ಡ ಮೂಗನ್ನು, ಮೂಸಿ ಸೆಂಟು ಕೂಡಿಸುವವರನ್ನು. ಮೂವತ್ತು ವರ್ಷದ ಸರ್ವಿಸು. ಇಲ್ಲಿಂದ ಹೊರಟ ಪ್ರತಿ ಸೆಂಟೂ ಅವರ ಹೆಸರಲ್ಲೇ. ಯಾವ ಸೆಂಟು ಯಾವ ಸ್ವಭಾವದವರಿಗೆ ಹೊಂದುತ್ತದೆ ಎಂದು ಡಬ್ಬಿಯ ಚೀಟಿಯಲ್ಲಿ ಬರೆಯುವವರೂ ಅವರೇ. ಅವಳಿಗೆ ಮೂಸುವುದನ್ನು ಕಲಿಸಿದ್ದೂ ಅವರೇ.

"ಅವರು ಬೆಳಗ್ಗೆಯಿಂದ ಕೆಳಗೆ ಗೋಡೌನಲ್ಲಿ. ಮೇಲೆ ಬಂದಾಗ ನಮ್ಮ ಪೇದೆ ಮೆಟ್ಟಿಲ ಹತ್ರಾನೇ ತಡೆದ. ಇವತ್ತು ಈ ಕೋಣೆಗೆ ಕಾಲೇ ಇಟ್ಟಿಲ್ಲ."

ಅಕ್ಕನ ಕೈಗೆ ಕೋಳ ಬಿತ್ತು. ಸೊಂಡಿಲು ಅವಳ ತೋಳು ಹಿಡಿದುಕೊಂಡಳು. ಅಮ್ಮ ಹೋದ ಮೇಲೆ ಅನ್ನ ಹಾಕಿದವಳು, ತಲೆ ಬಾಚಿದವಳು, ಬೆನ್ನಿಗೆ ಗುದ್ದಿದವಳು ಎಲ್ಲ ಈ ಅಕ್ಕನೇ. ಇವಳು ಹೋದರೆ ಮನೆಯ ಬೀಗ ತೆಗೆಯುವುದಕ್ಕೂ ಇನ್ನೊಂದು ಕೈ ಇಲ್ಲ.

"ಹತ್ತು ನಿಮಿಷ ಸಾರ್. ಆ ಶಾಲನ್ನ ಗಾಳಿಗೆ ತಗೊಂಡೋಗಿ ಮೂಸ್ತೀನಿ. ನಿಮ್ಮ ಪೇದೆ ಕೈಯಲ್ಲೇ ಇರ್ಲಿ. ಕಾಲಿಗೆ ಬೀಳ್ಲಾ?"

"ಬೀಳ್ಬೇಡ. ಹತ್ತೇ ನಿಮಿಷ. ಜೀಪು ಕಾಯ್ತಿದೆ."

*

ತಾರಸಿಯಲ್ಲಿ ಗಾಳಿ ಬೀಸುತ್ತಿತ್ತು. ಸೊಂಡಿಲು ಮೂರು ಸಲ ಉದ್ದಕ್ಕೆ ಉಸಿರೆಳೆದು ಮೂಗನ್ನು ತೊಳೆದುಕೊಂಡಳು. ಶಾಲಿಗೆ ಮುಖ ಒತ್ತಿದಳು.

ಉಣ್ಣೆ. ಅಕ್ಕನ ತಲೆಎಣ್ಣೆ. ಅಷ್ಟೇ.

ದಾಲ್ಚಿನ್ನಿ ಇಲ್ಲ. ಕಿತ್ತಳೆ ಇಲ್ಲ. ಕೆಳಗಿನ ಕೋಣೆಯಲ್ಲಿ ಎಲ್ಲರ ಮೂಗೂ ಸೆಂಟಿನಲ್ಲಿ ಮುಳುಗಿತ್ತು. ಅಲ್ಲಿ ಚಪ್ಪಲಿ ಮೂಸಿದ್ದರೂ ಸೆಂಟೇ ಅನಿಸುತ್ತಿತ್ತು. ಅವಳು ಇನ್ನೊಮ್ಮೆ ಮೂಸಿದಳು. ಕಲೆಯ ನಡುವೆ ಒಂದೆಳೆ ಸಿಕ್ಕಿತು. ಟೀ ಡಿಕಾಕ್ಷನ್.

ಬೆಳಗ್ಗೆ ಒಂಬತ್ತಕ್ಕೆ ಫೋಟೋಗೆಂದು ಒಂದು ಖಾಲಿ ಬಾಟ್ಲಿಗೆ ಟೀ ನೀರು ತುಂಬಿ, ಮಿಕ್ಸಿಂಗ್ ಕೋಣೆಯ ಕಿಟಕಿಯಲ್ಲಿ ಇಟ್ಟವಳು ಅವಳೇ. ಅದೇ ಆಕಾರ, ಅದೇ ಲೇಬಲ್ಲು, ಅದೇ ಬಣ್ಣ. ವಿಷಯ ಗೊತ್ತಿದ್ದದ್ದು ಅವಳಿಗೆ ಮತ್ತು ಫೋಟೋಗ್ರಾಫರನಿಗೆ ಮಾತ್ರ. ಕೆಳಗೆ ಓಡಿ ಇಣುಕಿದಳು. ಕಿಟಕಿಯ ಬಾಟ್ಲಿ ಅರ್ಧ ಖಾಲಿ.

ಯಾರೋ ಅದನ್ನು ಸೆಂಟು ಅಂತಲೇ ನಂಬಿ ಅಕ್ಕನ ಶಾಲಿಗೆ ಸುರಿದಿದ್ದಾರೆ. ಮುಚ್ಚಳ ತೆಗೆದವರಿಗೆ ವಾಸನೆ ಗೊತ್ತಾಗಲಿಲ್ಲವೇ?

ಗೊತ್ತಾಗದವರು ಯಾರು?

ಈಗಷ್ಟೇ ಇಳಿಯುವಾಗ ಮೆಟ್ಟಿಲ ಹತ್ತಿರ ನಿಂತಿದ್ದ ಮಾವನ ಮಣಿಕಟ್ಟಿಂದ ಕಿತ್ತಳೆ, ದಾಲ್ಚಿನ್ನಿ ಘಮ್ಮೆಂದದ್ದು ನೆನಪಾಗಿ ಅವಳಿಗೆ ಅಳು ಬಂತು. ಕಕ್ಕಸಿನ ಮೂಲೆಯಲ್ಲಿ ನೆಲ ಒರೆಸುವ ಬಕೆಟ್ಟಿತ್ತು. ಮೂರು ದಿನದ ಹಳೇ ನೀರು. ಮೂಸಿ ನೋಡುವ ಕಾಗದದ ಪಟ್ಟಿಯೊಂದನ್ನು ಅದರಲ್ಲಿ ಅದ್ದಿದಳು.

*

ಸೊಂಡಿಲು ಕೇಳಿಕೊಂಡಿದ್ದಕ್ಕೆ ತಾರಸಿಗೆ ಎಲ್ಲರನ್ನೂ ಕರೆಸಿದರು. ಇನ್ಸ್‌ಪೆಕ್ಟರ್ ಗಡಿಯಾರ ನೋಡುತ್ತಿದ್ದರು.

"ಮಾವ, ಹೊಸ ಸೆಂಟಿನ ಪಟ್ಟಿ ಇದು. ಯಾರಿಗೆ ಹೊಂದುತ್ತೆ ಅಂತ ಸಾಹೇಬ್ರಿಗೆ ಹೇಳಿ." 'ಥೂ ಅನ್ನಿ ಮಾವ, ನನ್ನ ಕಪಾಳಕ್ಕೆ ಹೊಡೀರಿ' ಎಂದು ಅವಳು ಒಳಗೊಳಗೇ ಬೇಡುತ್ತಿದ್ದಳು.

ಮಾವ ಪಟ್ಟಿಯನ್ನು ಮೂಗಿನ ಕೆಳಗೆ ಆಡಿಸಿ ಕಣ್ಣು ಮುಚ್ಚಿದರು.

"ಆಹಾ! ಮೊದಲು ಕಿತ್ತಳೆ. ಹಿಂದೇನೇ ದಾಲ್ಚಿನ್ನಿ. ಕೊನೆಗೆ ಜೇನು. ಇದು ಗಲಾಟೆ ಜನಕ್ಕಲ್ಲ ಸಾರ್. ಮಾತು ಕಮ್ಮಿ, ಮನಸ್ಸು ಬೆಚ್ಚಗೆ. ತಾವು ನಡುಗ್ತಿದ್ರೂ ಪಕ್ಕದವರಿಗೆ ಹೊದಿಸೋರು ಇರ್ತಾರಲ್ಲ, ಅಂಥವರಿಗೆ."

ಪಕ್ಕದಲ್ಲಿದ್ದ ಫೋಟೋಗ್ರಾಫರ್ ಕರ್ಚೀಫು ಹುಡುಕಿದ. ಪೇದೆ ಎರಡು ಹೆಜ್ಜೆ ಹಿಂದೆ ಸರಿದ.

"ಏನ್ರೀ ಇದು, ಚರಂಡಿ ನಾರ್ತಿದೆ!" ಎಂದರು ಇನ್ಸ್‌ಪೆಕ್ಟರ್.

ಮಾವ ಕಣ್ಣು ತೆರೆದರು. ಎಲ್ಲರ ಮುಖ ನೋಡಿದರು. ಪಟ್ಟಿ ಕೈಯಿಂದ ಜಾರಿತು.

"ನೆಲ ಒರೆಸೋ ನೀರು ಮಾವ," ಎಂದಳು ಸೊಂಡಿಲು. "ಸಾರ್, ಶಾಲಲ್ಲಿರೋದು ಸೆಂಟಲ್ಲ, ಟೀ. ಒಂದೇ ಒಂದು ಸಲ ಮೂಸಿ. ಮೂಗಿರೋರು ಯಾರೂ ಆ ಬಾಟ್ಲಿ ಸುರೀತಿರ್ಲಿಲ್ಲ. ನಿಜವಾದ ಸೆಂಟು ಎಲ್ಲಿ ಬಿತ್ತು ಅಂತೀರಾ? ಮಾವನ ವಾಚಿನ ಬೆಲ್ಟು ನೋಡಿ. ಕೈ ತೊಳೆದಿದಾರೆ, ಏಪ್ರನ್ ಬದಲಾಯಿಸಿದಾರೆ. ಬೆಲ್ಟಿನ ಚರ್ಮ ಕುಡಿದುಬಿಟ್ಟಿದೆ, ಕಿತ್ತಳೆ ಇನ್ನೂ ಹಾರಿಲ್ಲ, ಇವತ್ತಿಂದೇ. ಅವರಿಗೆ ಗೊತ್ತೇ ಆಗಿಲ್ಲ. ಕೋಣೆಗೇ ಬರದೋರ ಕೈಗೆ ಇದು ಹೇಗೆ ಹತ್ತಿತು?"

ಇನ್ಸ್‌ಪೆಕ್ಟರ್ ಶಾಲು ಮೂಸಿದರು. ಮಾವನ ಮಣಿಕಟ್ಟು ಹಿಡಿದು ಬಗ್ಗಿದರು. ಬೆಲ್ಟು ಕಿತ್ತಳೆ, ದಾಲ್ಚಿನ್ನಿ ಘಮ್ಮೆನ್ನುತ್ತಿತ್ತು.

ಮಾವ ಅಲ್ಲೇ ಕುಸಿದು ಕುಳಿತರು.

"ಎರಡು ವರ್ಷ ಆಯ್ತು. ಒಂದು ಜ್ವರ ಬಂತು, ಮೂಗನ್ನ ತಗೊಂಡೋಯ್ತು. ಮೊಮ್ಮಗಳ ನೆತ್ತಿ ಮೂಸ್ತೀನಿ, ಏನೂ ಇಲ್ಲ. ಯಜಮಾನನಿಗೆ ಅನುಮಾನ ಬಂದಿತ್ತು. ಬೆಳಗ್ಗೆ ಗೋಡೌನಿಂದ ಮೇಲೆ ಕರೆಸಿ ಪಟ್ಟಿ ಕೊಟ್ಟು ಹೇಳು ಅಂದ. ಹೇಳಕ್ಕಾಗ್ಲಿಲ್ಲ. ಸಂಜೆ ಎಲ್ಲರ ಮುಂದೆ ನಿನ್ನ ಬಣ್ಣ ಬಯಲು ಮಾಡ್ತೀನಿ, ನಿನ್ನ ಜಾಗ ಸೊಂಡಿಲಿನ ಅಕ್ಕನಿಗೆ ಅಂದ. ಕಾಲು ಹಿಡಿದೆ. ಒದ್ದ. ಎದ್ದು ತಳ್ಳಿಬಿಟ್ಟೆ."

"ನಮ್ಮಕ್ಕನ್ನ ಯಾಕೆ ಸಿಗಿಸಿದ್ರಿ?"

"ಭಯ ಕಣಮ್ಮ. ಅವಳ ಮೇಲೆ ಹೊಟ್ಟೆಕಿಚ್ಚು ಬೇರೆ. ನನ್ನ ಕೈಯಿನ್ನೂ ನಡೀತಿದೆ ಅಂದ್ಕೊಂಡಿದ್ದೆ. ಎರಡು ವರ್ಷದಲ್ಲಿ ಒಂದು ಸೆಂಟೂ ಕೆಟ್ಟಿರಲಿಲ್ಲ."

ಅಕ್ಕ ಮೊದಲ ಸಲ ಬಾಯಿ ತೆರೆದಳು. "ಕೆಡ್ತಿತ್ತು ಮಾವ. ನೀವು ಮನೆಗೆ ಹೋದ ಮೇಲೆ ನಾನು ಸರಿ ಮಾಡ್ತಿದ್ದೆ."

"ನಿಂಗೆ ಗೊತ್ತಿತ್ತಾ?" ಸೊಂಡಿಲು ಕಿರುಚಿದಳು. "ಕೋಳ ಹಾಕ್ದಾಗ್ಲೂ ಬಾಯಿ ಬಿಡ್ಲಿಲ್ವಲ್ಲೇ ಮಾರಾಯ್ತಿ!"

"ಕೊಲೆ ಗೊತ್ತಿರ್ಲಿಲ್ಲ ಕಣೆ. ಮೂಗು ಹೋಗಿದ್ದು ಗೊತ್ತಿತ್ತು. ಅದನ್ನ ಹೇಳಿದ್ರೆ ಅವರ ಅನ್ನ ಹೋಗ್ತಿತ್ತು."

ಅಕ್ಕನ ಕೈಯಿಂದ ತೆಗೆದ ಕೋಳ ಮಾವನ ಕೈ ಸೇರಿತು. ಮೆಟ್ಟಿಲ ಹತ್ತಿರ ಮಾವ ನಿಂತರು. ತಿರುಗಿ ಅಕ್ಕನತ್ತ ಕೈ ಚಾಚಿದರು.

"ಒಂದೇ ಒಂದು ಹೇಳಮ್ಮ. ಈ ಸೆಂಟು... ಹೇಗೆ ಬಂದಿದೆ?"

ಸೊಂಡಿಲಿನ ನಾಲಿಗೆ ತುದಿಗೆ ಖಾರದ ಉತ್ತರವೊಂದು ಬಂತು. ನುಂಗಿಕೊಂಡಳು. ಅಕ್ಕ ಬಗ್ಗಿ ಆ ಮಣಿಕಟ್ಟಿಗೆ ಮೂಗು ತಾಗಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ಒಲೆ ಪಕ್ಕ ಕೂತ ಹಾಗಿದೆ ಮಾವ."

ಮಾವ ಕಣ್ಣು ಮುಚ್ಚಿ ಎದೆತುಂಬ ಉಸಿರೆಳೆದುಕೊಂಡರು. ಇನ್ನೊಮ್ಮೆ ಎಳೆದರು. ಆಮೇಲೆ ಮೆಟ್ಟಿಲು ಇಳಿದರು.