ಕಿಟಕಿಗೆ ಅಡ್ಡ ನಿಂತ ಫ್ರಿಜ್

ಆಸಿಫನ ಸುದ್ದಿ ಬಂದ ದಿನ ಅವನ ತಾಯಿ ಮದೀನಾಬಿ ರೊಟ್ಟಿ ಬಡಿಯುತ್ತಿದ್ದಳು. ತಿಕೋಟಾದಿಂದ ಒಣದ್ರಾಕ್ಷಿ ಹೇರಿಕೊಂಡು ಹೊರಟಿದ್ದ ಅವನ ಟೆಂಪೋ ದಾರಿಯಲ್ಲಿ ಮಗುಚಿಬಿದ್ದಿತ್ತು. ಓಣಿಯ ಹಿರಿಯರು ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರೇ ಹೊರತು ಬಾಯಿ ತೆರೆಯಲಿಲ್ಲ. ಒಳಗಿದ್ದ ಸೊಸೆ ಸುರೈಯಾಗೆ ಆ ಮೌನದಲ್ಲೇ ಎಲ್ಲವೂ ತಿಳಿಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಕೊಟ್ಟವನೇ ಹಿಂದಕ್ಕೆ ಪಡೆದ, ಅಷ್ಟೇ ಹೇಳಬಹುದು. ಉಳಿದದ್ದನ್ನು ತಾಯಿ ಬಲ್ಲಳು, ಹೆಂಡತಿ ಬಲ್ಲಳು.

ಮಣ್ಣಾದ ಮೇಲೆ ಸುರೈಯಾ ಇದ್ದತ್ತಿಗೆ ಕುಳಿತಳು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳ ಮೇಲೆ ಹತ್ತು ದಿನ ಹೊಸ್ತಿಲು ದಾಟದೆ, ಪರಪುರುಷರ ಕಣ್ಣಿಗೆ ಬೀಳದೆ ಕಳೆಯಬೇಕಾದ ಕಾಲ ಅದು. ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ಆ ಮನೆಗೆ ಇದ್ದದ್ದು ಒಂದು ಪಡಸಾಲೆ, ಒಂದು ಒಳಕೋಣೆ. ಒಳಕೋಣೆಯ ಕಿಟಕಿ ಓಣಿಯ ಕಡೆಗಿತ್ತು, ಅದರ ಕದಗಳು ಎಂದೋ ಕಿತ್ತುಹೋಗಿದ್ದವು. ಮದೀನಾಬಿ ನೆಂಟರಿಗೆ ಹೇಳಿ ಫ್ರಿಜ್ಜನ್ನು ಅದಕ್ಕೆ ಅಡ್ಡವಾಗಿ ನಿಲ್ಲಿಸಿದಳು. ಸಂದಿಯಲ್ಲಿ ಬೆಳಕು ಇಣುಕಿತು. ಅಲ್ಲಿಗೆ ಹಳೆಯ ಕೌದಿ ತುರುಕಿದಳು.

ಅಂದಿನಿಂದ ಸುರೈಯಾಗೆ ಮುಗಿಲು ಕಾಣಲಿಲ್ಲ.

ಬೇಸಿಗೆ ಏರಿದಂತೆ ಫ್ರಿಜ್ ಹಟ ಮಾಡತೊಡಗಿತು. ಮಧ್ಯಾಹ್ನ ನಿಲ್ಲುತ್ತಿತ್ತು, ಸಂಜೆಗೆ ತಾನೇ ಶುರುವಾಗುತ್ತಿತ್ತು. ಹಾಲು ಒಡೆದರೆ ಒಡೆಯಲಿ, ಆದರೆ ಅದರೊಳಗೆ ಮದೀನಾಬಿಯ ಸಕ್ಕರೆ ರೋಗದ ಇನ್ಸುಲಿನ್ ಇತ್ತು. ಅವಳಿಗೆ ಕಣ್ಣು ಮಂಜಾಗುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಔಷಧಿ ಕಾವಿಗೆ ಕೆಟ್ಟಿರಬೇಕು ಎಂದರು ಡಾಕ್ಟರು.

ಸ್ಟೇಷನ್ ರಸ್ತೆಯಲ್ಲಿ ಫ್ರಿಜ್ ರಿಪೇರಿಯ ಅಂಗಡಿ ಇಟ್ಟಿದ್ದ ಅಶ್ಫಾಕನಿಗೆ ಹೇಳಿಕಳಿಸಿದರು. ಮೂವತ್ತು ದಾಟಿದ್ದರೂ ಮದುವೆಯಾಗದ, ಮೆಲುಮಾತಿನ ಮನುಷ್ಯ. ಮದೀನಾಬಿಯನ್ನು ಚಿಕ್ಕಮ್ಮನೆಂಬಂತೆ ಖಾಲಾ ಎಂದು ಕರೆದ. ಒಳಗೆ ಹೋಗುವಂತಿರಲಿಲ್ಲ. ಒಳಕೋಣೆಯ ಬಾಗಿಲಿಗೆ ಕಟ್ಟಿದ ಪರದೆಯ ಈಚೆ ಅವನು, ಆಚೆ ಸುರೈಯಾ, ನಡುವೆ ಮಣೆ ಹಾಕಿಕೊಂಡು ಮದೀನಾಬಿ.

"ಖಾಲಾ, ಫ್ರಿಜ್ಜಿನ ಮಗ್ಗಲು ಮುಟ್ಟಿ ನೋಡಾಕ ಹೇಳ್ರಿ. ಬಿಸಿ ಐತೇನು?"

ಮದೀನಾಬಿ ಪರದೆಯ ಕಡೆ ತಿರುಗಿದಳು. "ಬಿಸಿ ಐತೇನಂತ?"

"ಬೆಚ್ಚಗೈತಿ," ಒಳಗಿನಿಂದ ಪಿಸುದನಿ.

"ಬೆಚ್ಚಗೈತಂತ."

"ಕೇಳಿಸ್ತರಿ."

"ಕೇಳಿಸಿದ್ರೂ ನಾ ಹೇಳಿದ ಮ್ಯಾಲೇ ಕೇಳಬೇಕು!"

ಪರದೆಯ ಹಿಂದೆ ಒಂದು ನಗು ಹುಟ್ಟಿ, ಹುಟ್ಟಿದಲ್ಲೇ ಅಡಗಿತು. ಎಷ್ಟೋ ವಾರಗಳ ಮೇಲೆ ಬಂದ ಮೊದಲ ನಗು. ಸುರೈಯಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಚೆ ಕಡೆ ಸ್ಕ್ರೂ ಡ್ರೈವರ್ ಸದ್ದು ಒಂದು ಗಳಿಗೆ ನಿಂತದ್ದು ಅವಳಿಗೆ ತಿಳಿಯಿತು.

ಪಡಸಾಲೆಯಲ್ಲಿದ್ದ ಸ್ಟೆಬಿಲೈಸರನ್ನು ಅಶ್ಫಾಕ ಬದಲಿಸಿದ. ಮರುದಿನ ಮಧ್ಯಾಹ್ನ ಫ್ರಿಜ್ ನಿಂತಿತು. ಪ್ಲಗ್ ಬದಲಿಸಿದ. ಮತ್ತೆ ನಿಂತಿತು. ಅಂಗಡಿ ಮುಚ್ಚಿ ಅವನು ಬರುವ ಹೊತ್ತಿಗೆ ಅದು ಏನೂ ಆಗದಂತೆ ಗುಂಯ್ಗುಡುತ್ತಿತ್ತು.

"ಹಿಂದ ಗಾಳಿ ಆಡಾಕ ಜಾಗ ಐತೇನು, ಕೇಳ್ರಿ ಖಾಲಾ."

"ಗೇಣು ಜಾಗ ಐತಿ," ಎಂದಳು ಮದೀನಾಬಿ, ಪರದೆಯ ಕಡೆ ತಿರುಗದೆ.

ಒಳಗಿದ್ದ ಸುರೈಯಾ ಬೆರಗಾದಳು. ಒಂದು ಹೊತ್ತಿನ ನಮಾಜು ತಪ್ಪಿಸದ ಅತ್ತೆ ಸುಳ್ಳು ಹೇಳಿದ್ದಳು! ನಿಜ ಹೇಳಿದರೆ ಕಿಟಕಿ ತೆರೆಯಬೇಕಾಗುತ್ತದೆ. ಪರ ಗಂಡಸಿನ ಮುಂದೆ ಅತ್ತೆಯನ್ನು ಸುಳ್ಳುಗಾತಿ ಮಾಡುವುದು ಹೇಗೆ? ಸುಮ್ಮನಿದ್ದರೆ ಅತ್ತೆಯ ಜೀವಕ್ಕೇ ಕುತ್ತು. ಆ ರಾತ್ರಿ ಅವಳು ಕಾದ ಫ್ರಿಜ್ಜಿನ ಪಕ್ಕ ಮಲಗಿ, ಬೆವರಿನಲ್ಲಿ ತೊಯ್ದು, ಆಡದ ಮಾತನ್ನು ನುಂಗುತ್ತಲೇ ಇದ್ದಳು. ತವರೂರು ಬಿಜ್ಜರಗಿಯಿಂದ ಅವಳ ಅಣ್ಣ ಮುರ್ತುಜಾಸಾಬನೂ ಹೇಳಿಕಳಿಸಿದ್ದ, ಇದ್ದತ್ತು ಮುಗಿದ ದಿನವೇ ಕರೆದೊಯ್ಯುತ್ತೇನೆಂದು. ನಿನಗೇನು ಬೇಕು ಎಂದು ಕೇಳಿದವರು ಯಾರೂ ಇರಲಿಲ್ಲ.

ಮರುದಿನ ಅಶ್ಫಾಕ ಸುಡುವ ಬಿಸಿಲಲ್ಲೇ ಬಂದ.

"ಸಂಜಿಕ ಬಂದ್ರ ಇದು ಶಾಣ್ಯಾ ಕೂಸಿನಂಗ ಇರತೈತಿ. ಇವತ್ತ ಕಳ್ಳನ್ನ ಕೈಯಾರೆ ಹಿಡೀತೀನಿ."

ಅವನು ಕೂತ ಸ್ವಲ್ಪ ಹೊತ್ತಿಗೆ ಒಳಗೆ ಟಕ್ಕೆಂದಿತು. ಫ್ರಿಜ್ ನಿಂತಿತು.

"ಕಾದು ಬಂದ್ ಆತು. ಖಾಲಾ, ಹಿಂದ ಖರೇನ ಜಾಗ ಐತೇನ್ರಿ?"

"ಎಷ್ಟ ಸಲ ಹೇಳಬೇಕೋ!" ಎನ್ನುತ್ತ ಎದ್ದ ಮದೀನಾಬಿಯ ಕೈಗೆ ಗೋಡೆ ಸಿಗಲಿಲ್ಲ. ತೂರಾಡಿ ಕುಸಿದು ಕುಳಿತಳು.

ಸುರೈಯಾ ಪರದೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ಜಾಗ ಇಲ್ರಿ! ಕಿಟಕಿಗೆ ಹಚ್ಚಿ ನಿಲ್ಲಿಸೇವಿ. ಹಿಂದ ಕೌದಿ ತುರುಕೇವಿ. ಮಧ್ಯಾಹ್ನದ ಬಿಸಲು ಅದರ ಬೆನ್ನಿಗೇ ಬೀಳತೈತಿ."

ಅಶ್ಫಾಕ ಮದೀನಾಬಿಯನ್ನು ಗೋಡೆಗೆ ಒರಗಿಸಿ ಕೂರಿಸಿದ.

"ಈ ಬ್ಯಾಸಗ್ಯಾಗ ಕೌದಿ ಹೊತ್ಕೊಂಡ ನಿಂತೈತೇನ್ರಿ, ಪಾಪ?" ಅಶ್ಫಾಕನ ದನಿ ಮೆತ್ತಗಿತ್ತು. "ನಾ ಸುಮ್ನ ಪ್ಲಗ್ಗಿನ ಮ್ಯಾಲ ಸಂಶೇ ಪಟ್ಟೆ."

ಮದೀನಾಬಿ ಅಳತೊಡಗಿದಳು. "ನನ್ನ ಮಗಾ ಇಲ್ಲಂತ ಓಣಿ ಮಂದಿ ಅವನ ಹೆಂಡ್ತೀನ ಇಣುಕಿ ನೋಡಬಾರ್ದಪ್ಪಾ. ಅದಕ್ಕ ಹಂಗಂದೆ."

"ಯಾರೂ ನೋಡೂದಿಲ್ಲ ಖಾಲಾ. ನಾನೂ ನೋಡೂದಿಲ್ಲ."

ಹೊಸ ಔಷಧಿಯ ಜೊತೆ ಅವನು ಒಂದು ಬಿದಿರಿನ ತಟ್ಟಿಯನ್ನೂ ತಂದ. ಸುರೈಯಾ ಕೌದಿ ಕಿತ್ತು, ಫ್ರಿಜ್ಜನ್ನು ಮುಂದಕ್ಕೆ ಎಳೆದು ಅದರ ಮರೆಯಲ್ಲಿ ನಿಂತಳು. ಓಣಿಯಲ್ಲಿ ನಿಂತು ಕಿಟಕಿಗೆ ತಟ್ಟಿ ಕಟ್ಟುತ್ತಿದ್ದ ಅಶ್ಫಾಕ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಸುತ್ತಿಗೆ ಹೆಬ್ಬೆರಳಿಗೆ ಬಿತ್ತು.

"ಯಪ್ಪಾ!"

"ಕಣ್ಣ ತಗದು ಹೊಡೀರಿ," ಸುರೈಯಾ ಮೆಲ್ಲಗೆ ಹೇಳಿದಳು.

"ಖಾಲಾಗ ಮಾತ ಕೊಟ್ಟೇನ್ರಿ."

"ಮತ್ತ ಬೆರಳಿಗೆ?"

"ಅದಕ್ಕೇನೂ ಮಾತ ಕೊಟ್ಟಿಲ್ರಿ."

ಅವನ ಹುಬ್ಬಿನ ಮೇಲೆ ಬೆವರ ಹನಿ ನಿಂತಿತ್ತು. ಮುಚ್ಚಿದ ರೆಪ್ಪೆಗಳು ನಡುಗುತ್ತಿದ್ದವು, ತುಟಿಯ ಒಂದು ಕೊನೆಯಲ್ಲಿ ನಗು. ಸುರೈಯಾ ದೃಷ್ಟಿ ತಗ್ಗಿಸಿ ಅಲ್ಲಾಹನ ಕ್ಷಮೆ ಬೇಡಿದಳು. ಆದರೂ ನೋಡಿದ್ದನ್ನು ನೋಡಲಿಲ್ಲ ಎನ್ನಲು ಬರುವುದಿಲ್ಲವಲ್ಲ.

ಆಮೇಲೆ ಫ್ರಿಜ್ ನಿಲ್ಲಲಿಲ್ಲ. ಅಶ್ಫಾಕ ಮಾತ್ರ ಓಣಿಯಲ್ಲಿ ಹಾಯುವಾಗೆಲ್ಲ, ಮುಖ ಆಚೆ ತಿರುಗಿಸಿ, ಒಂದೇ ಮಾತು ಕೇಳುತ್ತಿದ್ದ.

"ಖಾಲಾ, ಫ್ರಿಜ್ ನಡ್ಯಾಕತ್ತೈತೇನ್ರಿ?"

"ನಡ್ಯಾಕತ್ತೈತಿ. ನೀನೂ ನಡಿ!"

ಅದಕ್ಕಿಂತ ಹೆಚ್ಚಿಗೆ ಅವನು ಆಡಲಿಲ್ಲ. ಇದ್ದತ್ತಿನಲ್ಲಿರುವ ಹೆಂಗಸಿಗೆ ಮದುವೆಯ ಮಾತು ಎತ್ತಲಾಗದು. ಅವನು ಏನನ್ನು ತಡೆದುಕೊಂಡಿದ್ದಾನೆಂದು ಸುರೈಯಾಗೆ ಗೊತ್ತಿತ್ತು. ಆ ಒಂದು ಪ್ರಶ್ನೆ ಬರುವ ತನಕ ಅವಳು ತಟ್ಟಿಯ ಹಿಂದೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು.

ಇದ್ದತ್ತು ಮುಗಿದ ಬೆಳಿಗ್ಗೆ ಮುರ್ತುಜಾಸಾಬ ಬಿಜ್ಜರಗಿಯಿಂದ ಬಂದು ಚಹಾ ಕುಡಿಯುತ್ತಿದ್ದ. ಇಸ್ತ್ರಿ ಅಂಗಿ ತೊಟ್ಟ ಅಶ್ಫಾಕ ಬಾಗಿಲಲ್ಲಿ ನಿಂತ.

"ಫ್ರಿಜ್ ನೋಡಾಕ ಬಂದ್ಯೇನು?" ಎಂದಳು ಮದೀನಾಬಿ.

"ಇಲ್ರಿ." ಅವನ ಕಿವಿ ಕೆಂಪಾದವು. "ಖಾಲಾ ಅನ್ನೂದ ಬಿಟ್ಟು ಅಮ್ಮೀ ಅನ್ನಬೇಕಂತ ಮಾಡೇನಿ. ಸುರೈಯಾ ಒಪ್ಪಿದ್ರ, ನೀವು ದುಆ ಕೊಟ್ರ."

ಮುರ್ತುಜಾಸಾಬ ಚಹಾದ ಬಸಿ ಕೆಳಗಿಟ್ಟ. "ತಂಗೀ, ಸಾಮಾನು ಕಟ್ಟು. ಇದೆಲ್ಲಾ ಊರಾಗ ಕೂತು ಮಾತಾಡೂಣು."

ಸುರೈಯಾ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಪಡಸಾಲೆಗೆ ಬಂದಳು. ಅಶ್ಫಾಕ ಅವಳನ್ನು ಮೊದಲ ಸಲ ನೋಡಿದ.

"ನಿಕಾಹ್ ನಂದು, ಭಾಯಿ. ಹೂಂ ಅನ್ನೂದೂ ನನ್ನ ಬಾಯಿಂದಲೇ ಬರಬೇಕು," ಎಂದಳು. ಬಳಿಕ ಅಶ್ಫಾಕನಿಗೆ, "ನನಗ ಒಪ್ಪಿಗಿ ಐತ್ರಿ. ಆದ್ರ ಅಮ್ಮೀ ಬಿಟ್ಟು ನಾ ಬರೂದಿಲ್ಲ."

"ಅಮ್ಮೀ ಇಲ್ಲಂದ್ರ ನಿಮ್ಮ ಮಾತು ನನಗ ಯಾರು ಮುಟ್ಟಸಬೇಕ್ರಿ?"

ಮುರ್ತುಜಾಸಾಬನೂ ನಕ್ಕುಬಿಟ್ಟ. ಮದೀನಾಬಿ ನಗಲಿಲ್ಲ. ಬಹಳ ಹೊತ್ತು ಸೊಸೆಯ ಮುಖವನ್ನೇ ನೋಡಿದಳು. ಈ ಮುಖ ನೋಡುತ್ತ ನೋಡುತ್ತಲೇ ಮಗ ಇನ್ನೂ ಮನೆಯಲ್ಲಿದ್ದಾನೆಂದು ಅವಳು ನಂಬಿಕೊಂಡಿದ್ದಳು. ಒಂದು ಕೈಯನ್ನು ಸುರೈಯಾಳ ತಲೆಯ ಮೇಲಿಟ್ಟಳು. ಆಮೇಲೆ ಇನ್ನೊಂದು ಕೈಯನ್ನು ಅಶ್ಫಾಕನ ತಲೆಯ ಮೇಲೆ.

"ಮೊದಲ ನನ್ನ ಮಗನ ಸಲುವಾಗಿ ದುಆಕ್ಕ ಕೈ ಎತ್ರಿ," ಎಂದಳು. "ಆಮ್ಯಾಲ ನಿಮ್ಮ ಮಾತು."

ಎಲ್ಲರೂ ಕೈಯೆತ್ತಿದರು.

"ಯಾ ಅಲ್ಲಾಹ್, ನನ್ನ ಆಸಿಫ ನಿನ್ನ ಕಡೆ ಬಂದಾನ. ಅವನ ತಪ್ಪು ಮಾಫ್ ಮಾಡು. ಅವನ ಗೋರಿ ವಿಶಾಲ ಮಾಡು, ಅದರಾಗ ನಿನ್ನ ನೂರ್, ನಿನ್ನ ಬೆಳಕು ತುಂಬು. ಇಲ್ಲಿ ಬಿಟ್ಟು ಹೋದವರ ಕಾಳಜಿ ಅವನಿಗೆ ಬ್ಯಾಡ, ಅವರನ್ನ ನೀ ನೋಡ್ಕೊತಿ. ಅವನಿಗೆ ಶಾಂತಿ ಕೊಡು, ಮಾಲಿಕ್. ಆಮೀನ್."