ಇಳಿಯದ ಹಾಯಿ

ಶಂಖಾವತಿ ಪಟ್ಟಣದ ಬಂದರುಬೀದಿಯಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಬಾಗಿಲುಗಳಿಗೆ ಮಾವಿನ ತೋರಣ, ಉಪ್ಪರಿಗೆಗಳಲ್ಲಿ ಹೂಬುಟ್ಟಿ ಹಿಡಿದ ಹೆಂಗಸರು. ದಂಡಯಾತ್ರೆಗೆ ಹೋಗಿದ್ದ ಸೋಮವರ್ಮ ಮಹಾರಾಜರು ಗೆದ್ದು ಮರಳುತ್ತಿದ್ದಾರೆಂದು ಮಂತ್ರಿ ದೇವಪರಸರು ಡಂಗುರ ಹೊಡೆಸಿದ್ದರು. ಆ ವಾರ್ತೆ ಅವರೊಬ್ಬರಿಗೇ ಹೇಗೆ ತಲುಪಿತೆಂದು ಯಾರೂ ವಿಚಾರಿಸಲಿಲ್ಲ. ಸಂತೋಷದ ಸುದ್ದಿಗೆ ಸಾಕ್ಷಿ ಕೇಳುವವರುಂಟೇ?

ಅಳಿವೆಯ ಬಾಯಿಯನ್ನು ಕಾಯುವ ಕೋಟೆಯ ಬುರುಜಿನಲ್ಲಿ ಕೋಟೆಯ ಅಧಿಪತಿ ದುಗ್ಗಣ್ಣ ನಾಯಕರು ಮಾತ್ರ ಬೆವರುತ್ತಿದ್ದರು. ಅರಸರ ಧ್ವಜ ಹೊತ್ತ ಹಡಗು, ಅದರ ಬೆನ್ನಿಗೆ ನೌಕೆಗಳ ಸಾಲು, ಹತ್ತಿರವಾಗುತ್ತಿದ್ದವು. ಹಾಯಿ ಮಾತ್ರ ಇಳಿದಿರಲಿಲ್ಲ. ಕೋಟೆಯೆದುರು ಹಾಯುವ ಹಡಗು ಯಾರದೇ ಆಗಿರಲಿ, ಹಾಯಿಯನ್ನು ಅರ್ಧಕ್ಕೆ ಇಳಿಸಬೇಕು. ಇಳಿಸದಿದ್ದರೆ ತೋಪು ಹಾರಬೇಕು. ಇದು ಹಿಂದಿನ ಅರಸರ ಕಟ್ಟಳೆ. ಸೋಮವರ್ಮರಂತೂ ತಾವೇ ಹಗ್ಗ ಹಿಡಿದು ಹಾಯಿ ಇಳಿಸಿ, ಬುರುಜಿನತ್ತ ನೋಡಿ ನಗುತ್ತಿದ್ದವರು.

"ತೋಪಿಗೆ ಮದ್ದೇಕೆ ತುಂಬಿಸುತ್ತಿದ್ದೀರಿ, ನಾಯಕರೇ?" ಎಂದು ಬುರುಜಿನಲ್ಲೇ ಪಕ್ಕಕ್ಕೆ ನಿಂತಿದ್ದ ದೇವಪರಸರು ಗದರಿದರು.

"ಹಾಯಿ ಇಳಿದಿಲ್ಲ, ಮಂತ್ರಿಗಳೇ."

"ಅರಸರು ಸ್ವಂತ ಮನೆಗೆ ಬರಲು ನಿಮ್ಮ ಅಪ್ಪಣೆ ಬೇಕೇ? ಒಂದು ಗುಂಡು ತಗಲಿದರೂ ನಿಮ್ಮ ವಂಶಕ್ಕೆ ರಾಜದ್ರೋಹದ ಕಳಂಕ ತಪ್ಪದು!"

ಸುಂಕ ಎಣಿಸುವುದಕ್ಕಲ್ಲದೆ ಸಮುದ್ರದ ಕಡೆ ತಲೆಯೆತ್ತಿ ನೋಡದ ಮಂತ್ರಿಗಳಿಗೆ ಅರಸರೂ ಹಾಯಿ ಇಳಿಸುತ್ತಾರೆಂಬುದೇ ತಿಳಿದಿರಲಿಲ್ಲ. ನಾಯಕರು ಮತ್ತೊಮ್ಮೆ ಹಾಯಿಯತ್ತ ನೋಡಿದರು. ತಾವೇ ಈಜು ಕಲಿಸಿ ಬೆಳೆಸಿದ ಅರಸ ಆ ಹಡಗಿನಲ್ಲಿದ್ದರೆ? ಇಲ್ಲದೆ ಶತ್ರುವಿದ್ದರೆ, ಹೂ ಹಿಡಿದು ನಿಂತ ಊರಿನ ಗತಿಯೇನು?

"ಪ್ರಭುಗಳ ಕೈಯಲ್ಲಿ ಹಗ್ಗವಿದ್ದಿದ್ದರೆ ಹಾಯಿ ಇಳಿಯುತ್ತಿತ್ತು" ಎಂದರು ನಾಯಕರು. "ಹಾರಿಸಿ!"

ಹಾಯಿ ಕಟ್ಟಿದ ಕೂವೆಮರ ಮುರಿದು ಹಡಗು ಅಳಿವೆಗೆ ಅಡ್ಡಲಾಗಿ ಮಲಗಿತು. ಅದರ ಒಡಲಿನಿಂದ ಶತ್ರುಸೈನಿಕರು ದುಡುದುಡು ನೀರಿಗೆ ಹಾರಿದರು. ದಾರಿ ಕಟ್ಟಿದ್ದರಿಂದ ಹಿಂದಿನ ನೌಕೆಗಳು ತಿರುಗಿ ಓಡಿದವು. ಮೆಟ್ಟಿಲಿನತ್ತ ಜಾರುತ್ತಿದ್ದ ದೇವಪರಸರನ್ನು ಕಾವಲಿನವರು ಹಿಡಿದು ನಿಲ್ಲಿಸಿದರು.

ಆದರೆ ಬೆಸ್ತರು ದೋಣಿಯಲ್ಲಿ ಹೊತ್ತು ತಂದದ್ದು ಸೋಮವರ್ಮರನ್ನೇ. ಕೈಗಳಿಗೆ ಸೆರೆಯ ಹಗ್ಗ, ಎದೆಯಲ್ಲಿ ನಾಟಿದ ಮರದ ಸಿಬಿರು. ನಾಯಕರು ಮರಳಿನ ಮೇಲೆ ಕುಸಿದು ಮಗುವಿನಂತೆ ಅತ್ತುಬಿಟ್ಟರು.

"ನನ್ನ ಕೈಯಾರೆ ಕೊಂದೆನಲ್ಲಾ, ಪ್ರಭು!"

ಅರಸರು ಕಷ್ಟದಿಂದ ಕಣ್ತೆರೆದರು.

"ಅರಸರ ಹಡಗಿಗೆ ಯಾವ ಕಟ್ಟಳೆಯೂ ಇಲ್ಲ, ನೆಟ್ಟಗೆ ಹೋಗಿ ಎಂದು ಶತ್ರುಗಳಿಗೆ ಹೇಳಿದವನು ನಾನೇ. ಎಷ್ಟು ತಡಮಾಡಿದಿರಿ, ನಾಯಕರೇ! ಎಲ್ಲಿ ಹಾರಿಸದೆ ಬಿಟ್ಟುಬಿಡುತ್ತೀರೋ ಎಂದು ಹೆದರಿಬಿಟ್ಟಿದ್ದೆ."